ಟವರ್‌ನಲ್ಲಿ ಹೊಸ ಆಂಟೆನಾ ಏರಿಸಿದ ಮೇಲೆ ಮನೆಯೊಳಗೆ ಸಿಗ್ನಲ್ ಇಲ್ಲ (ನಡ್ಪಾಲು, ಹೆಬ್ರಿ ತಾಲೂಕು)

ತೋಟದಮನೆ:
ನಮ್ಮ ಮನೆಯ ಎದುರಿನ ಗುಡ್ಡೆಯ ಟವರ್‌ನಲ್ಲಿ ಮೂರು ವಾರಗಳ ಹಿಂದೆ ಹಳೆಯ ಆಂಟೆನಾಗಳನ್ನು ಇಳಿಸಿ ಹೊಸದನ್ನು ಏರಿಸಿದರು. ಇನ್ನು 5ಜಿ ಬರುತ್ತದೆ ಎಂದು ಊರಿನವರೆಲ್ಲ ಸಂತೋಷಪಟ್ಟಿದ್ದೆವು. ಆದರೆ ಅದುವರೆಗೆ ಚಾವಡಿಯಲ್ಲಿ ಕುಳಿತು ಮಾತನಾಡುತ್ತಿದ್ದ ನಾವು ಈಗ ಮಳೆಯಲ್ಲಿ ಕೊಡೆ ಹಿಡಿದು ಅಂಗಳದ ತುದಿಗೆ ಹೋಗಬೇಕಾಗಿದೆ. ಹಾಸಿಗೆ ಹಿಡಿದಿರುವ ತಾಯಿಯವರ ವಿಷಯವಾಗಿ ಮಣಿಪಾಲದ ವೈದ್ಯರಿಗೆ ಮಾಡಿದ ಕರೆ ನಿನ್ನೆ ಮೂರು ಸಲ ಕಡಿದುಹೋಯಿತು. ಕಂಪೆನಿಗೆ ಕರೆ ಮಾಡಿದರೆ ಮೊಬೈಲನ್ನು ಒಮ್ಮೆ ಆರಿಸಿ ಹಾಕಿ ಎನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಕಡಲತಡಿ:
ಇದು ಆಟಿ ತಿಂಗಳ ಮಳೆಯ ಪರಿಣಾಮ. ಮಲ್ಪೆಯಲ್ಲಿ ಪ್ರತಿ ವರ್ಷವೂ ಇದನ್ನು ಕಾಣುತ್ತೇವೆ. ಮಳೆ ಬಿಡಲಿ, ಸರಿಯಾಗುತ್ತದೆ.

ಅಲೆಮಾಪಕ:
ಯಾವ ಮೊಬೈಲ್, ಯಾವ ಬ್ಯಾಂಡ್ (ಅಲೆಯ ಆವರ್ತನದ ಪಟ್ಟಿ), ಆರ್‌ಎಸ್‌ಆರ್‌ಪಿ (ಮೊಬೈಲಿಗೆ ತಲುಪುವ ಸಿಗ್ನಲ್‌ನ ಬಲ; ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಎಷ್ಟು ಎಂಬುದನ್ನು ತಿಳಿಸದೆ ಯಾರೂ ಏನನ್ನೂ ಹೇಳಲಾರರು. ನೆಟ್‌ಮಾನ್‌ಸ್ಟರ್ ಅಥವಾ ಸೆಲ್‌ಮ್ಯಾಪರ್ ಆ್ಯಪ್ ಹಾಕಿಕೊಂಡು ಚಾವಡಿಯಲ್ಲಿ ಒಂದು, ಅಂಗಳದಲ್ಲಿ ಒಂದು ಅಳತೆ ತೆಗೆದು ಹಾಕಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಅವುಗಳ ಲೆಕ್ಕ ಒಂದೊಂದು ಮೊಬೈಲಿನಲ್ಲಿ ಒಂದೊಂದು ಬಗೆ.

ತೋಟದಮನೆ:
ಆಂಡ್ರಾಯ್ಡ್ ಮೊಬೈಲ್. ಚಾವಡಿಯಲ್ಲಿ −88, ಅಂಗಳದಲ್ಲಿ −81 ಎಂದು ತೋರಿಸುತ್ತಿದೆ.

ಕಡಲತಡಿ:
ನೋಡಿ, ನಾನು ಹೇಳಿದ್ದೇ ನಿಜವಾಯಿತು. −88 ಒಳ್ಳೆಯ ಸಿಗ್ನಲ್. ಸಿಗ್ನಲ್ ಇದ್ದೂ ಮಾತು ಕಡಿಯುತ್ತದೆಂದರೆ ಟವರ್‌ನಿಂದ ಟವರ್‌ಗೆ ತಟ್ಟೆ ಆಂಟೆನಾದ ಮೂಲಕ ಹೋಗುವ ಮೈಕ್ರೋವೇವ್ ಕೊಂಡಿ ಮಳೆಗೆ ಸೋಲುತ್ತಿದೆ. 15 ಅಥವಾ 18 ಗಿಗಾಹರ್ಟ್ಸ್‌ನ ಕೊಂಡಿಗಳನ್ನು ಜಡಿಮಳೆ ಕುಗ್ಗಿಸುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಬ್ರಹ್ಮಾವರದ ಬಾನುಲಿ:
ಮಳೆಯ ವಾದ ಕೊಂಡಿಗೆ ಸರಿ. ಆದರೆ ಮೊಬೈಲ್ ಮತ್ತು ಟವರ್ ನಡುವಿನ 900 ಅಥವಾ 1800 ಮೆಗಾಹರ್ಟ್ಸ್ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ, ನೆನೆದ ಎಲೆಗಳಷ್ಟೇ ತೊಂದರೆ ಕೊಡುತ್ತವೆ. ನಾನು ತಾರಸಿಯ ಮೇಲೆ ಇಪ್ಪತ್ತು ಅಡಿಯ ಕೊಳವೆಗೆ ದಿಕ್ಕಿನ ಆಂಟೆನಾ ಕಟ್ಟಿ, ಕೆಳಗೆ ಸಿಮ್ ಹಾಕುವ ರೌಟರ್ ಇಟ್ಟಿದ್ದೇನೆ. −109 ಇದ್ದದ್ದು −92ಕ್ಕೆ ಬಂದಿದೆ. ಎರಡು ಆಂಟೆನಾಗಳನ್ನು 45 ಡಿಗ್ರಿ ಓರೆಯಾಗಿ, ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸುವುದರಲ್ಲೇ ಗುಟ್ಟಿದೆ. ಅಷ್ಟು ಶ್ರಮ ಬೇಡವಾದರೆ ಪೇಟೆಯಲ್ಲಿ ಬೂಸ್ಟರ್ ಸಿಗುತ್ತದೆ.

ಅಲೆಮಾಪಕ:
ಬೂಸ್ಟರ್ ಸಲಹೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಅನುಮತಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನಿಗೆ ವಿರುದ್ಧ. ಅದು ಟವರ್‌ನ ಕಡೆಗೆ ಗದ್ದಲವನ್ನು ಹಾಯಿಸುವುದರಿಂದ ಅದೇ ಸೆಲ್‌ನಲ್ಲಿರುವ (ಟವರ್‌ನ ಒಂದು ದಿಕ್ಕಿನ ವ್ಯಾಪ್ತಿಯಲ್ಲಿರುವ) ಇಡೀ ಊರಿನ ಕರೆ ಕೆಡುತ್ತದೆ.

ಬ್ರಹ್ಮಾವರದ ಬಾನುಲಿ:
ಅಂಗಡಿಯಲ್ಲಿ ಬಹಿರಂಗವಾಗಿ ಮಾರುವುದನ್ನು ಕೊಂಡವನೇ ತಪ್ಪಿತಸ್ಥನೇ?

ಅಲೆಮಾಪಕ:
ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಬಳಸಲು ಅನುಮತಿ ಸಿಕ್ಕಂತಲ್ಲ. ತೋಟದಮನೆಯವರೇ, −88 ಇರುವಲ್ಲಿ ಮಾತನಾಡಲು ಅಂಗಳಕ್ಕೇಕೆ ಹೋಗಬೇಕು? ನಿಮ್ಮದು ಎರಡು ಸಿಮ್‌ಗಳ ಮೊಬೈಲೇ?

ತೋಟದಮನೆ:
ಹೌದು, ಎರಡು ಸಿಮ್ ಇವೆ; ಅದನ್ನು ಹೇಳಬೇಕೆಂದು ತೋಚಲಿಲ್ಲ. ನಾನು ಹಾಕಿದ ಅಳತೆ ಮಗಳ ತರಗತಿಗೆಂದು ಕೊಂಡ ಎರಡನೆಯ ಸಿಮ್‌ನದು. ತೊಂದರೆಯಿರುವ ಸಿಮ್ ಚಾವಡಿಯಲ್ಲಿ −119, ಅಂಗಳದಲ್ಲಿ −110 ತೋರಿಸುತ್ತಿದೆ. ಬ್ಯಾಂಡ್ 3. ಟಿಎ ಎಂಬಲ್ಲಿ 94 ಎಂದಿದೆ.

ಅಲೆಮಾಪಕ:
ಈಗ ದಾರಿ ಕಾಣಿಸಿತು. ಟಿಎ ಎಂಬುದು ಟವರ್ ಎಷ್ಟು ದೂರವಿದೆ ಎಂಬುದರ ಸೂಚಕ. ಎಲ್‌ಟಿಇಯಲ್ಲಿ (4ಜಿಯಲ್ಲಿ) ಅದರ ಒಂದೊಂದು ಅಂಕಕ್ಕೂ ಸುಮಾರು 78 ಮೀಟರ್. 94 ಎಂದರೆ ಏಳು ಕಿಲೋಮೀಟರಿಗೂ ಹೆಚ್ಚು. ನಿಮ್ಮ ಮೊಬೈಲ್ ಎದುರಿನ ಗುಡ್ಡೆಯ ಟವರನ್ನು ಬಿಟ್ಟು ಎಲ್ಲೋ ದೂರದ ಟವರನ್ನು ಹಿಡಿದಿದೆ. ಆ್ಯಪ್ ತೋರಿಸುವ ಉದ್ದನೆಯ ಸೆಲ್ ಸಂಖ್ಯೆಯನ್ನು 256ರಿಂದ ಭಾಗಿಸಿ: ಭಾಗಲಬ್ಧ ಟವರ್‌ನ ಸಂಖ್ಯೆ, ಶೇಷ ಆ ಟವರ್‌ನೊಳಗೆ ಸೆಲ್‌ನ ಕ್ರಮಸಂಖ್ಯೆ. 51201 ಎಂದಿದ್ದರೆ ಟವರ್ 200, ಸೆಲ್ 1. ಒಂದೇ ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಸೆಲ್‌ಗಳಿರುತ್ತವೆ. ಬೈಕಿನಲ್ಲಿ ಗುಡ್ಡೆಯ ಸುತ್ತ ಒಂದು ಸುತ್ತು ಬಂದು, ಯಾವ ಬದಿಯಲ್ಲಿ ಯಾವ ಶೇಷ ಸಿಗುತ್ತದೆಂದು ಬರೆದುಕೊಳ್ಳಿ.

ಕಡಲತಡಿ:
ಮಳೆ ನಿಂತ ದಿನದ ಅಳತೆಯನ್ನೂ ಹಾಕಿದರೆ ಹೋಲಿಸಬಹುದು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಅಲೆಮಾಪಕ:
ಕೊಂಡಿ ಕೆಟ್ಟರೆ ಇಂಟರ್ನೆಟ್ ನಿಲ್ಲುತ್ತದೆ, ಆರ್‌ಎಸ್‌ಆರ್‌ಪಿ ಹಾಗೆಯೇ ಇರುತ್ತದೆ. ಇಲ್ಲಿ ಆರ್‌ಎಸ್‌ಆರ್‌ಪಿಯೇ ಕುಸಿದಿದೆ.

ತೋಟದಮನೆ:
ಇಂದು ಬೆಳಿಗ್ಗೆ ಎರಡು ತಾಸು ಸುತ್ತಿದೆ. ಮಳೆ ಇರಲಿಲ್ಲ, ಚಾವಡಿಯಲ್ಲಿ ಅದೇ −119. ಸೋಮೇಶ್ವರದ ಕಡೆಗೆ ಶೇಷ 1, ಹೆಬ್ರಿಯ ಕಡೆಗೆ ಶೇಷ 2, ಎರಡೂ ಕಡೆ −80ರ ಆಸುಪಾಸು. ನಮ್ಮ ತೋಟದ ಬದಿಗೆ ತಿರುಗಿದೊಡನೆ ಆ ಟವರ್‌ನ ಸಂಖ್ಯೆಯೇ ಮಾಯವಾಗುತ್ತದೆ. ಶೇಷ 3 ಎಲ್ಲಿಯೂ ಸಿಗಲಿಲ್ಲ.

ಅಲೆಮಾಪಕ:
ಹಾಗಾದರೆ ನಿಮ್ಮ ಕಡೆಗಿರುವ ಸೆಲ್ ಹೊಸ ಆಂಟೆನಾ ಏರಿಸಿದ ಮೇಲೆ ಚಾಲೂ ಆಗಿಲ್ಲವೆಂದೇ ತೋರುತ್ತದೆ. ಕಂಪೆನಿಯ ದೂರು ವಿಭಾಗದ 198ಕ್ಕೆ ಕರೆ ಮಾಡಿ, "ಸಿಗ್ನಲ್ ಇಲ್ಲ" ಎಂದಷ್ಟೇ ಹೇಳದೆ, ಟವರ್‌ನ ಸಂಖ್ಯೆಯನ್ನೂ ಮೂರನೆಯ ಸೆಲ್ ಕಾಣುತ್ತಿಲ್ಲವೆಂಬುದನ್ನೂ ಬರೆಯಿಸಿ, ದೂರಿನ ಸಂಖ್ಯೆ ಪಡೆಯಿರಿ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ತಾಣದಲ್ಲಿ ಆ ಟವರ್‌ನ ಸ್ಥಳವನ್ನೂ ತಾಳೆ ನೋಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮದಂತೆ ಕಂಪೆನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕು. ಅದರಲ್ಲಿ ನಿಮ್ಮ ಮನೆ ವ್ಯಾಪ್ತಿಯೊಳಗಿದ್ದರೆ ಅದರ ಚಿತ್ರವನ್ನೂ ತೆಗೆದಿಡಿ.

ತೋಟದಮನೆ:
ದೂರು ಕೊಟ್ಟೆ. ನಕ್ಷೆಯಲ್ಲಿ ನಮ್ಮ ತೋಟ ಪೂರ್ತಿ ವ್ಯಾಪ್ತಿಯೊಳಗಿದೆ. ಮರುದಿನ "ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು, ಅದೂ ಅಂಗಳದ ತುದಿಗೆ ಹೋದಾಗ. ಅಳತೆ ಇನ್ನೂ −119. ಮೇಲ್ಮನವಿಗೆ ಈ ಎಲ್ಲ ಅಂಕಿಗಳನ್ನೂ ಸೇರಿಸಿ ಕಳುಹಿಸಿದ್ದೇನೆ.

ಅಜೆಕಾರು ಪೇಟೆ:
ನಮ್ಮಲ್ಲಿಯೂ ಹೋದ ತಿಂಗಳು ಆಂಟೆನಾ ಬದಲಾಯಿಸಿದರು. ಶಾಲೆಯ ಬದಿಗೆ ಸಿಗ್ನಲ್ ಇಲ್ಲ. ಈಗಷ್ಟೇ ನೋಡಿದೆ, ಶೇಷ 1 ಮತ್ತು 3 ಸಿಗುತ್ತವೆ, 2 ಇಲ್ಲ. ಟಿಎ ತೋರಿಸುತ್ತಿಲ್ಲ. ಇಲ್ಲಿಯೇ ಬರೆಯಲೇ, ಬೇರೆ ಚರ್ಚೆ ತೆರೆಯಲೇ?

ಅಲೆಮಾಪಕ:
ಬೇರೆ ತೆರೆಯಿರಿ. ಮೊಬೈಲಿನ ಮಾದರಿ, ಯಾವ ಸಿಮ್‌ನ ಅಳತೆ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ.