ಕಾರಿನ ಹಿಂದೆ ಕ್ಯಾಂಪಿಂಗ್ ಟ್ರೈಲರ್: ಮಂಡ್ಯದಿಂದ ಕುಶಾಲನಗರ, ಅಲ್ಲಿಂದ ಊಟಿ

ಪ್ರಶ್ನೆ (ಮಂಡ್ಯ): ಸಾರ್, ಬೇಸಿಗೆ ರಜೆಗೆ ಕುಶಾಲನಗರದ ಹತ್ತಿರ ಎರಡು ರಾತ್ರಿ, ಆಮೇಲೆ ಗುಂಡ್ಲುಪೇಟೆ ಮೇಲೆ ಊಟಿ ಕಡೆ ಎರಡು ರಾತ್ರಿ ಕ್ಯಾಂಪ್ ಹಾಕೋ ಯೋಚನೆ. ಡೀಸೆಲ್ ಎಸ್‌ಯುವಿ, ಹಿಂದೆ ಒಂದೇ ಆಕ್ಸಲ್ಲಿನ ಟ್ರೈಲರ್, ಅದಕ್ಕೆ ಬ್ರೇಕ್ ಇಲ್ಲ. ಸಾಮಾನು ತುಂಬಿ ವೇ ಬ್ರಿಡ್ಜಲ್ಲಿ ತೂಗಿಸಿದರೆ 700 ಕೆಜಿ. ವೇಗ 70 ದಾಟಿದರೆ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾ?

ಉತ್ತರ (ಟ್ರೈಲರ್ ಫಿಟ್ಟರ್, ಮೈಸೂರು): ಅಲೈನ್‌ಮೆಂಟಿಗೆ ದುಡ್ಡು ಹಾಕುವ ಮೊದಲು ಮೂತಿಯ ಭಾರ ನೋಡಿ. ಹಿಚ್ ಬಾಲ್ (ಕಾರಿನ ಹಿಂದೆ ಟ್ರೈಲರ್ ಸಿಕ್ಕಿಸೋ ಗುಂಡು) ಮೇಲೆ ಕೂರುವ ಭಾರ ಟ್ರೈಲರಿನ ಒಟ್ಟು ತೂಕದ ಶೇ. 10ರ ಆಸುಪಾಸು ಇರಬೇಕು, ನಿಮ್ಮದಕ್ಕೆ ಸುಮಾರು 70 ಕೆಜಿ. ಅದು ಕಡಿಮೆಯಾದರೆ ಹಿಂಭಾಗ ಕಾರನ್ನೇ ಆಚೀಚೆ ಎಳೆಯುತ್ತೆ. ಅಳೆಯೋಕೆ ಮನೆಯಲ್ಲಿ ನಿಂತು ತೂಕ ನೋಡೋ ಮೆಷಿನ್ ಸಾಕು. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡಿ, ಮೆಷಿನ್ ಮೇಲೆ ಬಾಲ್ ಎತ್ತರಕ್ಕೆ ಸರಿಯಾದ ಮರದ ತುಂಡು ನಿಲ್ಲಿಸಿ. ಮುಂದಿನ ಜಾಕಿ ಚಕ್ರವನ್ನು ಮೇಲೆತ್ತುತ್ತಾ ಬಂದರೆ ಕಪ್ಲರ್ (ಬಾಲನ್ನು ಹಿಡಿಯೋ ಟ್ರೈಲರಿನ ಮೂತಿ) ಆ ಮರದ ಮೇಲೆ ಕೂರುತ್ತೆ, ಮೆಷಿನ್ ತೋರಿಸೋದೇ ಮೂತಿಯ ಭಾರ. ಜತೆಗೆ ಹಿಚ್ಚಿನ ಪ್ಲೇಟಲ್ಲಿ ಎಷ್ಟರ ಮಿತಿ ಬರೆದಿದೆ ಅಂತಲೂ ಹೇಳಿ.

ಪ್ರಶ್ನೆ (ಮಂಡ್ಯ): ಅಳೆದೆ ಸಾರ್, ಬರೀ 25 ಕೆಜಿ! ಪ್ಲೇಟಲ್ಲಿ 75 ಅಂತಿದೆ. 60 ಲೀಟರ್ ನೀರಿನ ಡ್ರಮ್ ಹಿಂಬಾಗಿಲ ಹತ್ತಿರ, ಆಕ್ಸಲ್ಲಿಂದ ಒಂದೂವರೆ ಮೀಟರ್ ಹಿಂದಿದೆ. ಆಕ್ಸಲ್ಲಿಂದ ಕಪ್ಲರಿಗೆ ಮೂರು ಮೀಟರ್.

ಉತ್ತರ (ಫಿಟ್ಟರ್): ಕಳ್ಳ ಅದೇ ಡ್ರಮ್. ಅದನ್ನು ಆಕ್ಸಲ್ಲಿಗಿಂತ ಅರ್ಧ ಮೀಟರ್ ಮುಂದಕ್ಕೆ ಕಟ್ಟಿ. 60 ಕೆಜಿ ಎರಡು ಮೀಟರ್ ಸರಿದಂತಾಯ್ತು. 60ನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿದರೆ 40. ಮೂತಿಗೆ 40 ಕೆಜಿ ಸೇರಿ 65 ಆಗುತ್ತೆ, ಹಿಚ್ಚಿನ ಮಿತಿಯೊಳಗೇ ಇರುತ್ತೆ. ನೀರನ್ನು ಕ್ಯಾಂಪಿಗೆ ಹೋದಮೇಲೆ ತುಂಬಿಸ್ಕೊಳ್ಳೋದಾದರೆ ಒಟ್ಟು ತೂಕವೂ ಇಳಿಯುತ್ತೆ, ಆದರೆ ಮೂತಿ ಸುಮಾರು 55ಕ್ಕೆ ಬರುತ್ತೆ. ಆಗ ಟೂಲ್ ಬಾಕ್ಸ್, ಸ್ಟೆಪ್ನಿ ಮುಂದಕ್ಕೆ ಹಾಕಿ. ಗ್ಯಾಸ್ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ, ಓಡುವಾಗ ವಾಲ್ವ್ ಬಂದ್.

ಇಷ್ಟಾದರೂ ಎಂದಾದರೂ ಬಾಲ ಅಲ್ಲಾಡಿದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರವಾಗಿ ಹಿಡಿದುಕೊಳ್ಳಿ. ಎದುರು ತಿರುಗಿಸಿ ಸರಿಮಾಡೋಕೆ ಹೋದರೆ ತೂಗಾಟ ಹೆಚ್ಚುತ್ತೆ. ಬ್ರೇಕ್ ಜೋರಾಗಿ ಒತ್ತಿದರೆ ಟ್ರೈಲರ್ ಕಾರನ್ನು ಅಡ್ಡ ತಿರುಗಿಸಿಬಿಡಬಹುದು.

ಪ್ರಶ್ನೆ (ಶ್ರೀರಂಗಪಟ್ಟಣ): ನಮ್ಮೂರ ವೆಲ್ಡಿಂಗ್ ಶಾಪಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಹಾಕೋ ಪಿನ್ನು ಬಳೆಯನ್ನೇ ಕಾರಿಗೂ ಹಾಕಿಕೊಡ್ತೀನಿ ಅಂತಾರೆ. ಅಗ್ಗವೂ ಹೌದು.

ಉತ್ತರ (ಫಿಟ್ಟರ್): ಬೇಡ ಅಣ್ಣ. ಆ ಬಳೆಯಲ್ಲಿ ಬೇಕಂತಲೇ ಸಡಿಲ ಬಿಟ್ಟಿರ್ತಾರೆ, ಹೊಲದ ಏರುತಗ್ಗಿಗೆ ಅದು ಬೇಕು. ಕಾರಿನ ವೇಗದಲ್ಲಿ ಅದೇ ಸಡಿಲ ರಸ್ತೆಯ ಪ್ರತಿ ಉಬ್ಬಿಗೂ ಸುತ್ತಿಗೆ ಏಟು ಹೊಡೆದು ವೆಲ್ಡಿಂಗಲ್ಲಿ ಬಿರುಕು ಬಿಡಿಸುತ್ತೆ. 50 ಮಿ.ಮೀ. ಬಾಲ್, ಅದಕ್ಕೆ ಹೊಂದುವ ಕಪ್ಲರ್, ಛಾಸಿಗೆ ಬೋಲ್ಟ್ ಹಾಕಿದ ಬ್ರಾಕೆಟ್ಟೇ ಆಗಬೇಕು. ಬಂಪರಿಗೆ ಅಲ್ಲ. ಕೆಳಗೆ ಎರಡು ಸರಪಳಿ ಕತ್ತರಿಯಂತೆ ಅಡ್ಡಡ್ಡ ಹಾಕಿ, ಕಪ್ಲರ್ ಕಳಚಿದರೂ ಮೂತಿ ಅವುಗಳ ಮೇಲೆ ನಿಲ್ಲುತ್ತೆ. ಟ್ರೈಲರಿಗೂ ಆರ್‌ಟಿಒ ನೋಂದಣಿ ಬೇಕು. ಟೈಪ್ ಅಪ್ರೂವಲ್ (ಆ ಮಾದರಿಗೆ ಸಿಗೋ ಅಧಿಕೃತ ಒಪ್ಪಿಗೆ) ಇಲ್ಲದ ಮನೆಮಾಡಿದ ಟ್ರೈಲರ್ ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಇನ್ಶೂರೆನ್ಸಲ್ಲೂ ಟ್ರೈಲರ್ ಸೇರಿಸಿ ಬರವಣಿಗೆಯಲ್ಲಿ ತಗೊಳ್ಳಿ.

ಪ್ರಶ್ನೆ (ಮಂಡ್ಯ): ಬ್ರೇಕ್ ಒತ್ತಿದಾಗ ಟ್ರೈಲರಿನ ಇಂಡಿಕೇಟರ್ ಕೂಡ ಮಂಕಾಗಿ ಹತ್ತುತ್ತೆ. ಬಲ್ಬ್ ಬದಲಾಯಿಸಿದರೂ ಹಾಗೇ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಮೈಸೂರು): ಅರ್ತ್ ಸರಿಯಿಲ್ಲ. ಏಳು ಪಿನ್ನಿನ ಸಾಕೆಟ್ಟಲ್ಲಿ ಮೂರನೇ ಪಿನ್, ಬಿಳಿ ವೈರ್. ಅದು ತುಕ್ಕು ಹಿಡಿದರೆ ಕರೆಂಟು ವಾಪಸ್ ಹೋಗೋಕೆ ಬೇರೆ ಬಲ್ಬಿನ ದಾರಿ ಹುಡುಕುತ್ತೆ. ಪಿನ್ ಉಜ್ಜಿ, ಅರ್ತ್ ವೈರನ್ನು ಟ್ರೈಲರ್ ಫ್ರೇಮಿಗೆ ಬಣ್ಣ ಕೆರೆದು ಬೋಲ್ಟ್ ಹಾಕಿ. ಹೊಸ ಕಾರುಗಳಲ್ಲಿ ಹಿಂದಿನ ಲೈಟಿನ ವೈರನ್ನು ನೇರವಾಗಿ ಕತ್ತರಿಸಿ ಸೇರಿಸಬೇಡಿ. ಟ್ರೈಲರ್ ಲೈಟಿಗೆ ಕರೆಂಟನ್ನು ಬ್ಯಾಟರಿಯಿಂದಲೇ ಕೊಡುವ ಬೈಪಾಸ್ ರಿಲೇ ಹಾಕಿಸಿ.

ಪ್ರಶ್ನೆ (ಮಂಡ್ಯ): ಊಟಿಗೆ ಮಸಿನಗುಡಿ ರಸ್ತೆ ಹತ್ತಿರ ಅಲ್ವಾ?

ಉತ್ತರ (ಫಿಟ್ಟರ್): ಹತ್ತಿರವೇ, ಆದರೆ ಟ್ರೈಲರಿಗೆ ಅಲ್ಲ. ಕಲ್ಹಟ್ಟಿ ಘಾಟಲ್ಲಿ ಕಡಿದಾದ 36 ಹೇರ್‌ಪಿನ್ ತಿರುವು. ಗೂಡಲೂರು ಮೇಲೆ ಹೋಗಿ, ಬರುವಾಗಲೂ ಅದೇ ದಾರಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತೆ, ಟ್ರೈಲರ್ ಎಳೆಯುವವರು ಆರಾಮಾಗಿ ಸಮಯ ಇಟ್ಟುಕೊಂಡೇ ಹೊರಡಬೇಕು. ಊಟಿಗೆ ಇ-ಪಾಸ್ ಮೊದಲೇ ಮಾಡಿಸಿ.

ಇಳಿಯುವಾಗ ಬ್ರೇಕಿಲ್ಲದ 700 ಕೆಜಿ ಪೂರ್ತಿ ನಿಮ್ಮ ಕಾರಿನ ಪ್ಯಾಡ್ ಮೇಲೇ ಬೀಳುತ್ತೆ. ಇಳಿಜಾರು ಶುರುವಾಗುವ ಮುಂಚೆಯೇ ಎರಡನೇ ಗೇರಿಗೆ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟು ಉಜ್ಜುತ್ತಾ ಬರಬೇಡಿ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಪ್ಯಾಡ್ ಆರಲಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ. ಪ್ರತಿವರ್ಷ ಬೆಟ್ಟ ಹತ್ತೋರಾದರೆ ಓವರ್‌ರನ್ ಬ್ರೇಕ್ (ಟ್ರೈಲರ್ ಕಾರನ್ನು ಮುಂದಕ್ಕೆ ನೂಕಿದಾಗ ತಾನೇ ಹಿಡಿಯೋ ಬ್ರೇಕ್) ಹಾಕಿಸೋದೇ ವಾಸಿ ಅಂತ ನನ್ನ ಮಾತು.

ಬೇಸಿಗೆಯಲ್ಲಿ ಕೈಕೊಡೋದು ಜಾಸ್ತಿ ಬೇರಿಂಗು, ಟೈರು. ಹೊರಡುವ ಮುಂಚೆ ಜಾಕ್ ಕೊಟ್ಟು ಚಕ್ರದ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಹಬ್ (ಬೇರಿಂಗ್ ಇರೋ ಚಕ್ರದ ನಡುಭಾಗ) ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ. ಚಕ್ರ ತಿರುಗಿಸುತ್ತಾ ನಟ್ ಬಿಗಿಮಾಡಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ದಾರಿಯಲ್ಲಿ ನಂಜನಗೂಡಲ್ಲೊಮ್ಮೆ, ಗುಂಡ್ಲುಪೇಟೆಯಲ್ಲೊಮ್ಮೆ ಹಬ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಕೈ ಇಡೋಕೆ ಆಗದಿದ್ದರೆ ಬೇರಿಂಗ್ ಒಣಗಿದೆ ಅಥವಾ ಬಿಗಿಯಾಗಿದೆ. ಟೈರಿನ ಗಾಳಿ ಬೆಳಗಿನ ತಂಪಲ್ಲೇ ಅಳೆಯಿರಿ. ಮಧ್ಯಾಹ್ನ ಹೆಚ್ಚು ತೋರಿಸ್ತಿದೆ ಅಂತ ಗಾಳಿ ಬಿಟ್ಟರೆ ಟೈರ್ ಇನ್ನೂ ಕಾದು ಒಡೆಯುತ್ತೆ. ಟ್ರೈಲರಿಗೆ ಬೇರೆಯೇ ಸ್ಟೆಪ್ನಿ ಇರಲಿ, ಕಾರಿನದು ಹೊಂದದೆ ಇರಬಹುದು.

ಪ್ರಶ್ನೆ (ಮಂಡ್ಯ): ರಿವರ್ಸ್ ಹಾಕೋದು ಮಾತ್ರ ಬರ್ತಿಲ್ಲ.

ಉತ್ತರ (ಫಿಟ್ಟರ್): ಸ್ಟೀರಿಂಗಿನ ಅಡಿಭಾಗ ಹಿಡಿಯಿರಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆಗೇ ಸರಿಸಿ, ಸ್ವಲ್ಪಸ್ವಲ್ಪವೇ. ಮಡಚಿಕೊಳ್ಳೋ ಹಾಗೆ ಕಂಡರೆ ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರು. ಕ್ಯಾಂಪಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟಮೇಲೇ ಕಪ್ಲರ್ ಬಿಚ್ಚಿ.