ನಾಟಿಂಗ್‌ಹ್ಯಾಮ್ ಕಡೆ ಹಳೇ ಪಬ್, ಅಲ್ಲಿಯದೇ ರಿಯಲ್ ಏಲ್: ಗೊತ್ತಿರುವವರು ಹೇಳಿ

ಮೂಡಿಗೆರೆ ತೋಟದವ:

ಎಲ್ಲರಿಗೂ ನಮಸ್ಕಾರ. ಮಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕಿದ್ದಾಳೆ. ಕಾಫಿಗೆ ಬೇಕಾದ ಹೂ ಮಳೆ, ಅದರ ಮೇಲಿನ ಬ್ಯಾಕಿಂಗ್ ಮಳೆ ಎರಡೂ ಆಗಿ, ತೋಟಕ್ಕೆ ಗೊಬ್ಬರ ಹಾಕಿಸಿದ ಮೇಲೆ ಮೇ ತಿಂಗಳಲ್ಲಿ ನಾನು ಮತ್ತು ನಮ್ಮ ಮನೆಯವರು ಅಲ್ಲಿಗೆ ಹೋಗುತ್ತಿದ್ದೇವೆ. ಕೋಟೆ, ಮ್ಯೂಸಿಯಂ, ಲಂಡನ್ ಎಲ್ಲ ಮಗಳು ಆಗಲೇ ಪಟ್ಟಿ ಮಾಡಿಟ್ಟಿದ್ದಾಳೆ. ನಾನು ಕೇಳಿದ್ದು ಒಂದೇ. ಒಂದು ಹಳೇ ಕಾಲದ ಪಬ್‌ನಲ್ಲಿ ಕೂತು, ಆ ಊರಿನಲ್ಲೇ ತಯಾರಾದ ಏಲ್ ಅನ್ನುವ ಬಿಯರ್ ನಿಧಾನಕ್ಕೆ ಕುಡಿಯಬೇಕು.

ಈ ಆಸೆ ಇವತ್ತಿನದಲ್ಲ. ನಮ್ಮ ಅಜ್ಜ ದೊರೆಗಳ ತೋಟದಲ್ಲಿ ರೈಟರ್ ಆಗಿದ್ದವರು. ಸಂಜೆ ಬಂಗಲೆಯ ಜಗಲಿಯಲ್ಲಿ ದೊರೆ ತನ್ನ ಹಳ್ಳಿಯ ಪಬ್‌ನ ಸುದ್ದಿ ಎತ್ತಿದರೆ ಊಟದ ಹೊತ್ತಿನ ತನಕ ನಿಲ್ಲಿಸುತ್ತಿರಲಿಲ್ಲವಂತೆ. ಅದನ್ನು ಕೇಳಿಕೊಂಡೇ ನಾನು ಬೆಳೆದದ್ದು.

ಈಗ ನನ್ನ ಪ್ರಶ್ನೆಗಳು. ನಾಟಿಂಗ್‌ಹ್ಯಾಮ್ ಸುತ್ತ ಯಾವ ಪಬ್‌ಗೆ ಹೋಗಬೇಕು? ಅಲ್ಲಿ ಬಿಯರ್ ಬಿಸಿಯಾಗಿಯೇ ಕೊಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ನಿಜವಾ? ರಿಯಲ್ ಏಲ್ ಅಂದರೆ ಬೇರೆ ಬಿಯರ್‌ಗಿಂತ ಏನು ವ್ಯತ್ಯಾಸ? ಮುಖ್ಯವಾಗಿ, ನಮ್ಮ ಮನೆಯವರು ಕುಡಿಯುವುದಿಲ್ಲ, ಪೂರ್ತಿ ಸಸ್ಯಾಹಾರಿ. ಇಲ್ಲಿ ಚಿಕ್ಕಮಗಳೂರಿನಲ್ಲಿ ಬಾರ್ ಅಂಡ್ ರೆಸ್ಟೋರೆಂಟ್‌ನ ಫ್ಯಾಮಿಲಿ ರೂಮಿಗೂ ಅವರು ಕಾಲಿಟ್ಟವರಲ್ಲ. ಅಲ್ಲಿ ನನ್ನ ಜೊತೆ ಬಂದು ಕೂತರೆ ಅವರಿಗೆ ಮುಜುಗರ ಆಗುತ್ತದಾ? ಅವರನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ಹೋಗುವುದಕ್ಕೆ ಮನಸ್ಸಿಲ್ಲ.

ಸಕಲೇಶಪುರ ಟು ಡರ್ಬಿ:

ಅಂಕಲ್, ನೀವು ಹೋಗುತ್ತಿರುವ ಊರೇ ಸರಿಯಾದ ಊರು. ನಾನು ಪಕ್ಕದ ಡರ್ಬಿಯಲ್ಲಿದ್ದೇನೆ, ನಾಟಿಂಗ್‌ಹ್ಯಾಮ್‌ಗೆ ಆಗಾಗ ಹೋಗುತ್ತಿರುತ್ತೇನೆ.

ಮೊದಲು 'ಯೆ ಓಲ್ಡ್ ಟ್ರಿಪ್ ಟು ಜೆರುಸಲೆಮ್'. ಕೋಟೆ ಇರುವ ಬಂಡೆಯ ಬುಡದಲ್ಲೇ ಇದೆ. ಗೋಡೆಯ ಮೇಲೆ 1189 ಅಂತ ದೊಡ್ಡದಾಗಿ ಬರೆದಿದ್ದಾರೆ. ಅದು ಮೊದಲನೇ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ, ಧರ್ಮಯುದ್ಧಕ್ಕೆ ಜೆರುಸಲೆಮ್ ಕಡೆ ಹೊರಟವರು ಇಲ್ಲಿ ತಂಗಿ ಕುಡಿದು ಹೋದರು ಅನ್ನುವುದು ಕಥೆ. ಆದರೆ ಈಗ ನಿಂತಿರುವ ಕಟ್ಟಡ ಹೆಚ್ಚಿನಂಶ 17ನೇ ಶತಮಾನದ್ದು. ಅದೇ ಊರಿನ 'ಬೆಲ್ ಇನ್' ಮತ್ತು 'ಸೆಲ್ಯುಟೇಶನ್' ಕೂಡ ನಾವೇ ಹಳಬರು ಅನ್ನುತ್ತವೆ. ಈ ಜಗಳ ಬಗೆಹರಿಯುವುದಿಲ್ಲ, ನೀವು ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಅಲ್ಲಿನ ಗುಹೆಗಳನ್ನು. ನಾಟಿಂಗ್‌ಹ್ಯಾಮ್ ಊರೇ ಮೆತ್ತನೆಯ ಮರಳುಗಲ್ಲಿನ ಮೇಲೆ ಕೂತಿದೆ, ಊರಿನ ಕೆಳಗೆ 800ಕ್ಕೂ ಜಾಸ್ತಿ ಗುಹೆಗಳಿವೆ, ಎಲ್ಲ ಜನ ಕೈಯಿಂದ ಕೊರೆದದ್ದು. ಟ್ರಿಪ್‌ನ ಹಿಂದಿನ ಕೋಣೆಗಳು ಬಂಡೆಯೊಳಗೇ ಇವೆ. ಬಿಯರ್ ಇಡುವುದಕ್ಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ಬೇಸಿಗೆಯಲ್ಲೂ ತಂಪು. ಮೇಲಿನ ಕೋಣೆಯಲ್ಲಿ ಧೂಳು ಹಿಡಿದ ಒಂದು ಹಡಗಿನ ಮಾದರಿ ಇದೆ, ಅದನ್ನು ಒರೆಸಿದವರು ಸತ್ತರು ಅಂತ ನಂಬಿಕೆ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಹಗ್ಗಕ್ಕೆ ಕಟ್ಟಿದ ಬಳೆಯನ್ನು ತೂಗಿ ಗೋಡೆಯ ಮೇಲಿನ ಕೊಂಬಿಗೆ ಸಿಕ್ಕಿಸುವ ಹಳೇ ಆಟವೂ ಇದೆ. ಆಂಟಿಗೆ ಅದು ಖಂಡಿತ ಇಷ್ಟವಾಗುತ್ತದೆ.

ಬಿಸಿ ಬಿಯರ್ ಅನ್ನುವುದು ಸುಳ್ಳು. ಚೆನ್ನಾಗಿ ನೋಡಿಕೊಳ್ಳುವ ನೆಲಮಾಳಿಗೆ 11ರಿಂದ 13 ಡಿಗ್ರಿ ಇರುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ಇರುತ್ತದಲ್ಲ, ಹೆಚ್ಚುಕಮ್ಮಿ ಅಷ್ಟು. ಫ್ರಿಜ್‌ನಿಂದ ತೆಗೆದ ಬಾಟಲಿ ಕುಡಿದು ಅಭ್ಯಾಸ ಆದವರಿಗೆ ಮೊದಲ ಗುಟುಕು ಏನೋ ಬೇರೆ ಅನಿಸುತ್ತದೆ. ಸ್ವಲ್ಪ ಹೊತ್ತು ಬಿಡಿ. ತೀರಾ ತಣ್ಣಗಿದ್ದರೆ ನಾಲಿಗೆಗೆ ರುಚಿಯೇ ಸಿಗುವುದಿಲ್ಲ.

ಆರ್ಡರ್ ಮಾಡುವ ವಿಚಾರ: ಟೇಬಲ್ ಹತ್ತಿರ ಯಾರೂ ಬರುವುದಿಲ್ಲ. ನೀವೇ ಕೌಂಟರ್‌ಗೆ ಹೋಗಬೇಕು, ಅಲ್ಲೇ ದುಡ್ಡು ಕೊಡಬೇಕು. ಸಾಲು ಕಾಣುವುದಿಲ್ಲ, ಆದರೆ ಯಾರು ಮೊದಲು ಬಂದರು ಅಂತ ಒಳಗಿನವರಿಗೂ ಗೊತ್ತು, ಪಕ್ಕದಲ್ಲಿ ನಿಂತವರಿಗೂ ಗೊತ್ತು. ಕೈ ಬೀಸಬೇಡಿ, ಕರೆಯಬೇಡಿ, ಸುಮ್ನೆ ನಿಂತಿರಿ. ಪೈಂಟ್ ಅಂದರೆ 568 ಮಿಲಿ. ಅರ್ಧ ಪೈಂಟ್ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡು ಮೂರು ಬಗೆ ನೋಡಬೇಕು ಅಂದರೆ ಅದೇ ಒಳ್ಳೆಯದು.

ಹಾಸನದ ಅಕ್ಕ:

ಅಣ್ಣಾ, ಅತ್ತಿಗೆಯನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ನಾನೂ ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ. ಲೆಸ್ಟರ್‌ನಲ್ಲಿ ಇದ್ದಷ್ಟು ವರ್ಷ ವಾರಾಂತ್ಯಕ್ಕೆ ಪಬ್‌ಗೆ ಹೋಗಿದ್ದೇನೆ. ಮಧ್ಯಾಹ್ನದ ಹೊತ್ತು ಅಜ್ಜಿಯರು, ಚಿಕ್ಕ ಮಕ್ಕಳು, ನಾಯಿ ಎಲ್ಲ ಬಂದಿರುತ್ತಾರೆ. ಹೆಂಗಸರು ಒಬ್ಬರೇ ಕೂತು ಪೇಪರ್ ಓದುತ್ತಿರುತ್ತಾರೆ. ಚಹಾ ಕೇಳಿ, ಕಾಫಿ ಕೇಳಿ, ನಿಂಬೆ ಸೋಡಾ ಕೇಳಿ, ಕೊಡುತ್ತಾರೆ. ನಿಮ್ಮ ಕೈಯಲ್ಲಿ ಏನಿದೆ ಅಂತ ಯಾರೂ ತಿರುಗಿ ನೋಡುವುದಿಲ್ಲ. 2007ರ ಜುಲೈಯಿಂದ ಒಳಗೆ ಸಿಗರೇಟ್ ಸೇದುವ ಹಾಗಿಲ್ಲ, ಅದೂ ದೊಡ್ಡ ಉಪಕಾರ. ನಮ್ಮೂರಲ್ಲಿ ಬಾರ್ ಅಂದರೆ ಕತ್ತಲು, ಹೊಗೆ, ಹೊರಗೆ ಪರದೆ. ಹೆಂಗಸರಿಗೆ ಅಲ್ಲಿ ಜಾಗವೇ ಇಲ್ಲ ಅನ್ನುವ ಹಾಗೆ ಕಟ್ಟಿರುತ್ತಾರೆ. ಅಲ್ಲಿಯದು ಹಾಗಲ್ಲ, ಕಿಟಕಿ ಪಕ್ಕ ಕೂತು ಬೀದಿ ನೋಡಬಹುದು.

ಊಟದ ವಿಷಯದಲ್ಲಿ ಮಾತ್ರ ಬಾಯಿಬಿಟ್ಟು ಕೇಳಬೇಕು. ಚಿಪ್ಸ್ ಅಂದರೆ ಆಲೂಗೆಡ್ಡೆಯೇ, ಆದರೆ ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಉತ್ತರದ ಕಡೆ ಇದು ಜಾಸ್ತಿ. 'ಯಾವ ಎಣ್ಣೆ?' ಅಂತ ಕೇಳಿ, ಮುಖ ಗಂಟು ಹಾಕಿಕೊಳ್ಳದೆ ಹೇಳುತ್ತಾರೆ. ಪ್ಲೌಮನ್ಸ್ ಲಂಚ್ ಅಂತ ಇರುತ್ತದೆ, ದಪ್ಪ ಬ್ರೆಡ್ಡು, ಚೀಸು, ಈರುಳ್ಳಿ, ಉಪ್ಪಿನಕಾಯಿ ತರಹದ್ದು. ಹ್ಯಾಮ್ ಸೇರಿಸಿದ್ದಾರಾ ಕೇಳಿಕೊಳ್ಳಿ. ಭಾನುವಾರದ ರೋಸ್ಟ್ ಅನ್ನುವ ಮಾಂಸದ ಊಟಕ್ಕೂ ಸಸ್ಯಾಹಾರಿ ಬಗೆ ಈಗ ಎಷ್ಟೋ ಕಡೆ ಇರುತ್ತದೆ, ಮುಂಚೆಯೇ ಟೇಬಲ್ ಹೇಳಿಟ್ಟರೆ ಒಳ್ಳೆಯದು. ಕೌಂಟರ್‌ನಲ್ಲಿ ಕುರುಕಲು ಅಂತ ತೂಗುಹಾಕಿರುವ ಪೊಟ್ಟಣಗಳಲ್ಲಿ ಹಂದಿ ಚರ್ಮ ಹುರಿದದ್ದೂ ಇರುತ್ತದೆ, ನೋಡಿ ತೆಗೆದುಕೊಳ್ಳಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಏಲ್ ತಿಳಿಯಾಗಲಿ ಅಂತ ಪೀಪಾಯಿಗೆ ಐಸಿಂಗ್ಲಾಸ್ ಹಾಕುವ ಪದ್ಧತಿ ಇದೆ. ಅದು ಮೀನಿನ ಗಾಳಿ ಚೀಲದಿಂದ ಮಾಡಿದ್ದು. ಅದು ಮಡ್ಡಿಯನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಸಸ್ಯಾಹಾರ ಕಟ್ಟುನಿಟ್ಟಾಗಿ ಪಾಲಿಸುವವರು ವೀಗನ್ (ಪ್ರಾಣಿಯಿಂದ ಬಂದದ್ದು ಏನೂ ಇಲ್ಲ) ಅಂತ ಬರೆದಿರುವುದನ್ನು ಕೇಳಬೇಕು. ಅದು ಸ್ವಲ್ಪ ಮಬ್ಬಾಗಿರಬಹುದು, ರುಚಿಗೆ ಏನೂ ಕೊರತೆ ಇಲ್ಲ ಅಂತ ನಮ್ಮ ಯಜಮಾನರು ಹೇಳುತ್ತಾರೆ.

ಗಿರಿ ಕಾಫಿ:

ಸರ್, ರಿಯಲ್ ಏಲ್ ಏನು ಅಂತ ಕೇಳಿದಿರಲ್ಲ. ತೋಟದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಲ್ಪಿಂಗ್ ಆದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಅರೇಬಿಕಾ ಕಾಫಿಯನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತೇವೆ, ಹೊತ್ತು ಸರಿಯಾಗಿ ನೋಡಿ ತೊಳೆಯಬೇಕು, ಬೇಗ ತೊಳೆದರೆ ಲೋಳೆ ಬಿಡುವುದಿಲ್ಲ, ತಡವಾದರೆ ಹುಳಿ ವಾಸನೆ ಕಪ್‌ನ ತನಕ ಬರುತ್ತದೆ. ಏಲ್‌ನದೂ ಇದೇ ಕಾಳಜಿ. ಮಾಮೂಲಿ ಬಿಯರ್ ಸೋಸಿ, ಹೆಚ್ಚಿನ ಸಲ ಬಿಸಿ ಮಾಡಿ ಯೀಸ್ಟ್ ಸಾಯಿಸಿ, ಗ್ಯಾಸ್ ತುಂಬಿ ಕಳಿಸುತ್ತಾರೆ, ಪಬ್‌ನವನು ನಲ್ಲಿ ತಿರುಗಿಸಿದರೆ ಸಾಕು. ರಿಯಲ್ ಏಲ್‌ನಲ್ಲಿ ಯೀಸ್ಟ್ ಜೀವಂತ ಇರುತ್ತದೆ. ಪೀಪಾಯಿ ಪಬ್‌ಗೆ ಬಂದ ಮೇಲೂ ಒಳಗೆ ಹುದುಗುತ್ತಿರುತ್ತದೆ. ನೆಲಮಾಳಿಗೆಯಲ್ಲಿ ಅದನ್ನು ಅಲುಗಾಡಿಸದೆ ಮಲಗಿಸಿ, ಮೇಲೆ ಸಣ್ಣ ಮರದ ಬೆಣೆ ಹೊಡೆದು ಹೆಚ್ಚಾದ ಗ್ಯಾಸ್ ಬಿಟ್ಟು, ಮಡ್ಡಿ ಕೂರಿಸಿ, ರುಚಿ ನೋಡಿ, ಆಮೇಲೆ ಕೈಪಂಪಿನಲ್ಲಿ ಎಳೆದು ಕೊಡುತ್ತಾರೆ. ಸಾಮಾನ್ಯ ಪೀಪಾಯಿಯಲ್ಲಿ 72 ಪೈಂಟ್, ಅಂದರೆ ಸುಮಾರು 41 ಲೀಟರ್. ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಗಾಳಿ ಸೇರಿ ಕೆಡುತ್ತದೆ. ಅರ್ಧ ಕೆಲಸ ಬ್ರೂವರಿಯದು, ಇನ್ನರ್ಧ ಪಬ್‌ನವನದು. ಅದಕ್ಕೇ ಜನ ಜಾಸ್ತಿ ಬರುವ ಪಬ್‌ನಲ್ಲಿ ಏಲ್ ಚೆನ್ನಾಗಿರುತ್ತದೆ. ಖಾಲಿ ಹೊಡೆಯುವ ಪಬ್‌ನಲ್ಲಿ ಹತ್ತು ಪಂಪ್ ಇದ್ದರೆ ನಾನಂತೂ ಅನುಮಾನ ಪಡುತ್ತೇನೆ.

1960ರ ದಶಕದಲ್ಲಿ ದೊಡ್ಡ ಕಂಪನಿಗಳು ಇದನ್ನೆಲ್ಲ ಬಿಟ್ಟು ಗ್ಯಾಸ್ ಬಿಯರ್ ಕಡೆ ತಿರುಗಿದವು. ಆಗ 1971ರಲ್ಲಿ ನಾಲ್ಕು ಜನ ಸೇರಿ ಕ್ಯಾಮ್ರಾ ಅನ್ನುವ ಗ್ರಾಹಕರ ಸಂಘ ಕಟ್ಟಿದರು. ಕುಡಿಯುವವರೇ ಎದ್ದು ನಿಂತು ಒಂದು ಪದ್ಧತಿಯನ್ನು ಉಳಿಸಿಕೊಂಡದ್ದು ಅದು. ನಮ್ಮಲ್ಲಿ ಮನೆಮನೆಯಲ್ಲಿ ಕಾಫಿ ಬೀಜ ಹುರಿಯುವುದು ನಿಂತುಹೋದಾಗ ಹೀಗೆ ಯಾರೂ ಎದ್ದು ನಿಲ್ಲಲಿಲ್ಲವಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಕಾಫಿಯವರು ಲಂಡನ್‌ಗೆ ಹೋದರೆ ಕಾರ್ನ್‌ಹಿಲ್ ಪಕ್ಕದ ಸೇಂಟ್ ಮೈಕೇಲ್ಸ್ ಓಣಿಗೆ ಹೋಗಲೇಬೇಕು. 1652ರಲ್ಲಿ ಪಾಸ್ಕ್ವಾ ರೋಸಿ ಅನ್ನುವವನು ಲಂಡನ್‌ನ ಮೊದಲ ಕಾಫಿ ಅಂಗಡಿ ತೆರೆದ ಜಾಗ ಅದು. ಈಗ ಅಲ್ಲಿ 'ಜಮೈಕಾ ವೈನ್ ಹೌಸ್' ಅನ್ನುವ ಪಬ್ ಇದೆ, ಗೋಡೆಯಲ್ಲಿ ಫಲಕವೂ ಇದೆ. ಬಾಬಾಬುಡನ್ ಅವರು ನಮ್ಮ ಗಿರಿಗೆ ಬೀಜ ತಂದರು ಅಂತ ಹೇಳುವುದೂ ಅದೇ ಶತಮಾನದಲ್ಲಿ. ಆಫೀಸುಗಳ ಜಾಗ ಅದು, ವಾರದ ದಿನ ಹೋಗಿ.

ಬರ್ಮಿಂಗ್‌ಹ್ಯಾಮ್ ಬೇಲೂರಿನವ:

ಎಲ್ಲರೂ ಹಳೇ ಕಟ್ಟಡದ ಮೇಲೇ ನಿಂತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ಟ್ರಿಪ್ ನೋಡಿ, ಅರ್ಧ ಪೈಂಟ್ ಕುಡಿಯಿರಿ, ಆದರೆ ಅಲ್ಲಿ ಪ್ರವಾಸಿಗಳೇ ಜಾಸ್ತಿ. ಅದನ್ನು ನಡೆಸುವುದು ಗ್ರೀನ್ ಕಿಂಗ್ ಅನ್ನುವ ದೊಡ್ಡ ಕಂಪನಿ, ಅವರ ಬ್ರೂವರಿ ಇರುವುದು ದೂರದ ಸಫೋಕ್‌ನಲ್ಲಿ. ನಾಟಿಂಗ್‌ಹ್ಯಾಮ್‌ನದೇ ಏಲ್ ಬೇಕು ಅಂದರೆ ರೈಲ್ವೆ ಸ್ಟೇಷನ್ ಹತ್ತಿರದ 'ವ್ಯಾಟ್ ಅಂಡ್ ಫಿಡ್ಲ್'ಗೆ ಹೋಗಿ. ಕ್ಯಾಸಲ್ ರಾಕ್ ಬ್ರೂವರಿಯ ಮಗ್ಗುಲಲ್ಲೇ ಇದೆ. ಅವರ ಹಾರ್ವೆಸ್ಟ್ ಪೇಲ್ ಅನ್ನುವ ಏಲ್‌ಗೆ 2010ರಲ್ಲಿ ಕ್ಯಾಮ್ರಾದವರು ಇಡೀ ಬ್ರಿಟನ್ನಿನ ಮೊದಲ ಬಹುಮಾನ ಕೊಟ್ಟರು. ಕಟ್ಟಡ ಹಳೇದಾ ಹೊಸದಾ ಅನ್ನುವುದಕ್ಕಿಂತ, ಕೆಲಸ ಮುಗಿಸಿ ಬಂದ ಜನ ಕೂತು ಮಾತಾಡುತ್ತಿದ್ದಾರಾ ನೋಡಿ. ಪಬ್ ಅಂದರೆ ಅದು.

ಇನ್ನೊಂದು ಕಡೆಗೂ ನಿಮ್ಮನ್ನು ಕಳಿಸಬೇಕು ಅಂತ ನನ್ನ ಆಸೆ. ನಮ್ಮ ಕಡೆ ಸ್ಮೆದಿಕ್, ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ದೇಸಿ ಪಬ್‌ಗಳಿವೆ. 1950–60ರ ದಶಕದಲ್ಲಿ ಇಲ್ಲಿನ ಕಬ್ಬಿಣದ ಫೌಂಡ್ರಿಗಳಿಗೆ ದುಡಿಯಲು ಬಂದ ಪಂಜಾಬಿಗಳನ್ನು ಎಷ್ಟೋ ಪಬ್‌ಗಳು ಒಳಗೇ ಬಿಡುತ್ತಿರಲಿಲ್ಲ, ಬಿಟ್ಟರೂ ಬೇರೆ ಕೋಣೆ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನವರು ಇದರ ವಿರುದ್ಧ ಹೋರಾಡಿದರು. 1965ರ ಕಾನೂನು ಬಂದ ಮೇಲೆ ಬಣ್ಣ ನೋಡಿ ಬಾಗಿಲು ಹಾಕುವುದು ಕಾನೂನುಬಾಹಿರವಾಯಿತು. ಆಮೇಲೆ ನಮ್ಮವರೇ ಒಂದೊಂದಾಗಿ ಪಬ್‌ಗಳನ್ನು ವಹಿಸಿಕೊಂಡರು. ಇವತ್ತು ಅಲ್ಲಿ ಬಿಳಿಯರೂ ನಮ್ಮವರೂ ಒಟ್ಟಿಗೆ ಕೂರುತ್ತಾರೆ, ಅಡುಗೆ ಮನೆಯಿಂದ ಬಿಸಿ ನಾನ್, ಪನೀರ್, ದಾಲ್ ಬರುತ್ತದೆ. ನಿಮ್ಮ ಮನೆಯವರಿಗೆ ಊಟದ ಚಿಂತೆಯೇ ಇಲ್ಲ. ಹಳೇ ಪಬ್ ನೋಡಿ ಬರುವವರು ಈ ಚರಿತ್ರೆಯನ್ನೂ ತಿಳಿದುಕೊಂಡು ಬರಬೇಕು, ಇದು ನಮ್ಮದೂ ಹೌದು.

ಮೂಡಿಗೆರೆ ತೋಟದವ:

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಹಾಸನದ ಅಕ್ಕ ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ಕಿಟಕಿ ಪಕ್ಕ ಸೀಟು ಕೊಡಿಸಿದರೆ ಬರುತ್ತೇನೆ ಅಂದಿದ್ದಾರೆ. ದೇಸಿ ಪಬ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಒಂದು ದಿನ ಅದಕ್ಕೇ ಇಡುತ್ತೇನೆ. ಇನ್ನೆರಡು ಸಂದೇಹ. ಒಂದೊಂದು ಪಂಪ್ ಮೇಲೂ ಏನೇನೋ ಹೆಸರು ಇರುತ್ತದಲ್ಲ, ಹೊಸಬನಿಗೆ ಯಾವುದು ಕೇಳಬೇಕು ಅಂತ ಹೇಗೆ ಗೊತ್ತಾಗುತ್ತದೆ? ಟಿಪ್ಸ್ ಎಷ್ಟು ಇಡಬೇಕು?

ಸಕಲೇಶಪುರ ಟು ಡರ್ಬಿ:

ಪಂಪ್ ಮುಂದಿನ ಬಿಲ್ಲೆಯಲ್ಲಿ ಏಲ್ ಹೆಸರು, ಬ್ರೂವರಿ ಹೆಸರು, ಎಷ್ಟು ಪರ್ಸೆಂಟ್ ಅಂತ ಇರುತ್ತದೆ ಅಂಕಲ್. ಬಿಲ್ಲೆ ಹಿಂದುಮುಂದು ತಿರುಗಿಸಿದ್ದರೆ ಅದು ಖಾಲಿ ಅಥವಾ ಇನ್ನೂ ರೆಡಿ ಇಲ್ಲ ಅಂತ. ಮೊದಲಿಗೆ ಬಿಟರ್ ಅನ್ನುವ ಬಗೆ ಕೇಳಿ, ಸಾಮಾನ್ಯವಾಗಿ 4 ಪರ್ಸೆಂಟ್ ಆಸುಪಾಸು, ನಮ್ಮ ಸ್ಟ್ರಾಂಗ್ ಬಿಯರ್‌ನ ಅರ್ಧ. ಕಹಿ ಇಷ್ಟ ಇಲ್ಲದಿದ್ದರೆ ಮೈಲ್ಡ್ ಅಂತ ಕಪ್ಪಗಿನದು ಒಂದಿದೆ, ಇನ್ನೂ ಹಗುರ. ಫಿಲ್ಟರ್ ಕಾಫಿ ಕುಡಿಯುವವರಿಗೆ ಹುರಿದ ಮಾಲ್ಟ್‌ನ ಆ ರುಚಿ ಬೇಗ ಹಿಡಿಸುತ್ತದೆ. ಗೊತ್ತಾಗದಿದ್ದರೆ ರುಚಿ ನೋಡಬಹುದಾ ಅಂತ ಕೇಳಿ, ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ.

ಕೌಂಟರ್‌ನಲ್ಲಿ ಕುಡಿಯುವುದಕ್ಕೆ ಟಿಪ್ಸ್ ಇಡುವ ರೂಢಿ ಇಲ್ಲ. ಆದರೆ ಯಾರಾದರೂ ಪರಿಚಯವಾಗಿ ನಿಮಗೆ ಒಂದು ಕೊಡಿಸಿದರೆ, ಮುಂದಿನದು ನೀವು ಕೊಡಿಸಬೇಕು, ಅದನ್ನು ಮಾತ್ರ ತಪ್ಪಿಸಬೇಡಿ. ಮುಚ್ಚುವ ಹೊತ್ತಿಗೆ ಗಂಟೆ ಹೊಡೆಯುತ್ತಾರೆ, ಆಗ ಕೊನೆಯ ಆರ್ಡರ್. ಅಡುಗೆ ಮನೆ ಅದಕ್ಕಿಂತ ಎಷ್ಟೋ ಮುಂಚೆ ಮುಚ್ಚುತ್ತದೆ, ಮಧ್ಯಾಹ್ನ ಊಟಕ್ಕೆ ಹೋಗುವುದಾದರೆ ಎರಡು ಗಂಟೆಯೊಳಗೆ ಹೋಗಿಬಿಡಿ. ನೀವು ಬಂದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ. ಶನಿವಾರ ಆದರೆ ನಾನೂ ಡರ್ಬಿಯಿಂದ ಬರುತ್ತೇನೆ, ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ.