ಬೇಸ್‌ಮೆಂಟಿನಲ್ಲಿ ರೇಡಾನ್ 9.4 ಬಂದಿದೆ, ಈ ಮನೆ ತಗೊಳ್ಳೋದಾ ಬಿಡೋದಾ?

ಹಾಸನದ ಹೈದ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ನಮಸ್ಕಾರ. ಪಾಟ್ಸ್‌ಟೌನ್ ಹತ್ತಿರ ಒಂದು ಮನೆ ನೋಡಿದ್ದೇವೆ. ನಮ್ಮ ಆಫರ್ ಒಪ್ಪಿದ್ದಾರೆ, ಇನ್‌ಸ್ಪೆಕ್ಷನ್ನೂ ಮುಗಿಯಿತು. ಛಾವಣಿ, ಫರ್ನೇಸ್, ವೈರಿಂಗ್ ಎಲ್ಲ ಸರಿಯಾಗಿದೆ. ರೇಡಾನ್ ಅನ್ನೋ ವಿಕಿರಣಶೀಲ ಅನಿಲ ಮಾತ್ರ ಲೀಟರ್ ಗಾಳಿಗೆ 9.4 ಪಿಕೋಕ್ಯೂರಿ (ವಿಕಿರಣದ ಅಳತೆ) ಬಂದಿದೆ. 4 ಮುಟ್ಟಿದರೆ ರಿಪೇರಿ ಮಾಡಿಸಿ ಅಂತ ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ) ಹೇಳುತ್ತದಂತೆ.

ಈ ಮನೆಯ ಡೆಕ್ ಮೇಲೆ ನಿಂತರೆ ಲಿಮೆರಿಕ್ ಅಣುಸ್ಥಾವರದ ಎರಡು ಕೂಲಿಂಗ್ ಟವರ್ ಕಾಣುತ್ತವೆ. ನನ್ನ ಹೆಂಡತಿಗೆ ಮೊದಲ ದಿನದಿಂದಲೂ ಅದೇ ತಕರಾರು. ರಿಪೋರ್ಟ್ ಬಂದ ಮೇಲಂತೂ "ನಾನು ಬಡ್ಕೊಂಡೆ, ನೀವು ಕೇಳಲಿಲ್ಲ" ಅಂತ ಶುರು ಹಚ್ಚಿಕೊಂಡಿದ್ದಾಳೆ.

ಬೇಸ್‌ಮೆಂಟ್ ಪೂರ್ತಿ ಫಿನಿಶ್ ಆಗಿದೆ: ಕಾರ್ಪೆಟ್, ಬಾತ್‌ರೂಮ್, ಒಂದು ಬೆಡ್‌ರೂಮ್, ನೇರ ಹಿತ್ತಲಿಗೆ ಬಾಗಿಲು. ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಆರು ತಿಂಗಳು ಇರುತ್ತಾರೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಅವರಿಗೆ ಆ ರೂಮು ಅಂದುಕೊಂಡಿದ್ದೆ. ಅಪ್ಪ ಬಹಳ ವರ್ಷ ಸಿಗರೇಟು ಸೇದಿ ಬಿಟ್ಟವರು. ನಾನು ವಾರಪೂರ್ತಿ ವರ್ಕ್ ಫ್ರಮ್ ಹೋಮ್, ನನ್ನ ಮೇಜೂ ಅಲ್ಲೇ ಬರುತ್ತದೆ.

ಇದಕ್ಕೂ ಸ್ಥಾವರಕ್ಕೂ ಸಂಬಂಧ ಇದೆಯಾ? ಒಳ್ಳೇ ಏರ್ ಪ್ಯೂರಿಫೈಯರ್ ಇಟ್ಟರೆ ಸಾಕಾ? ಮಾರುವವರು 1,500 ಡಾಲರ್ ಕ್ರೆಡಿಟ್ (ರಿಪೇರಿಗೆ ಅಂತ ಬಿಟ್ಟುಕೊಡೋ ದುಡ್ಡು) ಕೊಡ್ತೀವಿ, ನೀವೇ ಮಾಡಿಸಿಕೊಳ್ಳಿ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಎಡಿಸನ್ ಗೌಡ್ರು

ತಲೆ ಕೆಡಿಸ್ಕೋಬೇಡಿ ಗುರುವೇ. ಇವೆಲ್ಲ ರಿಯಲ್ ಎಸ್ಟೇಟ್‌ನವರು ದುಡ್ಡು ಮಾಡೋಕೆ ಹುಟ್ಟಿಸಿರೋ ಭೂತ. ನಮ್ಮ ತಾತ ಕಲ್ಲುಚಪ್ಪಡಿ ಮನೆಯಲ್ಲೇ 90 ದಾಟಿಸಿದರು. ಕಿಟಕಿ ತೆಗೆದಿಡಿ, ಆಯ್ತು.

ಉಳ್ಳಾಲದಕ್ಕ

ಗೌಡ್ರೇ, ನಿಮ್ಮ ತಾತನ ಮನೆಯಲ್ಲಿ ಬಾಗಿಲು ಕಿಟಕಿ ಹಗಲಿಡೀ ತೆರೆದೇ ಇದ್ದಿರಬೇಕು. ಪೆನ್ಸಿಲ್ವೇನಿಯಾದ ಜನವರಿಯಲ್ಲಿ ಕಿಟಕಿ ತೆರೆದಿಟ್ಟು ಮಲಗಿ ನೋಡಿ ಮಾರಾಯ್ರೇ, ಬೆಳಿಗ್ಗೆ ಏಳುವ ಹೊತ್ತಿಗೆ ರೇಡಾನ್ ಚಿಂತೆಯೇ ಇರುವುದಿಲ್ಲ.

ಹೈದರೇ, ನಾನು ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ ಫಿಸಿಸಿಸ್ಟ್. ದಿನಾ ಮಾಡುವ ಕೆಲಸವೇ ವಿಕಿರಣ ಅಳೆಯುವುದು. ನಿಮ್ಮ ಮನೆಯವರಿಗೆ ಮೊದಲು ಈ ಕಥೆ ಓದಿಸಿ. 1984ರ ಡಿಸೆಂಬರ್. ಅದೇ ಲಿಮೆರಿಕ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಇಂಜಿನಿಯರ್. ಕೆಲಸ ಮುಗಿಸಿ ಹೊರಡುವವರ ಮೈಮೇಲೆ ವಿಕಿರಣದ ಧೂಳು ಅಂಟಿದೆಯಾ ನೋಡಲು ಬಾಗಿಲಲ್ಲಿ ಯಂತ್ರ ಇಟ್ಟಿದ್ದರು. ಈ ಮನುಷ್ಯ ಹೋದರೆ ಸಾಕು, ಅದು ಬಡಿದುಕೊಳ್ಳುತ್ತಿತ್ತು. ಒಂದು ದಿನ ಬೆಳಿಗ್ಗೆ ಒಳಗೆ ಬರುವಾಗಲೇ ಬಡಿದುಕೊಂಡಿತು. ಸ್ಥಾವರವಿನ್ನೂ ವಿದ್ಯುತ್ ಉತ್ಪಾದನೆಯನ್ನೇ ಶುರು ಮಾಡಿರಲಿಲ್ಲ. ಆಗ ಹೋಗಿ ಬಾಯರ್‌ಟೌನ್ ಬಳಿಯ ಅವರ ಮನೆ ಅಳೆದರೆ ಸುಮಾರು 2,700 ಪಿಕೋಕ್ಯೂರಿ! ಆತ ಮನೆಯಿಂದ ವಿಕಿರಣವನ್ನು ಸ್ಥಾವರಕ್ಕೆ ಹೊತ್ತು ತರುತ್ತಿದ್ದರು. ಅಮೆರಿಕದಲ್ಲಿ ಮನೆಯೊಳಗಿನ ರೇಡಾನ್ ಬಗ್ಗೆ ಇಷ್ಟು ಗಲಾಟೆ ಎದ್ದದ್ದೇ ಆಮೇಲೆ. ಬಾಯರ್‌ಟೌನ್ ನೀವು ನೋಡಿದ ಮನೆಯಿಂದ ದೂರವೇನಲ್ಲ. ಆ ಭಾಗದಲ್ಲಿ ಹಾದುಹೋಗುವ ರೀಡಿಂಗ್ ಪ್ರಾಂಗ್ ಅನ್ನುವ ಹಳೆಯ ಬಂಡೆಪಟ್ಟಿಯಲ್ಲಿ ಯುರೇನಿಯಂ ಜಾಸ್ತಿ. ಹಾಗಾಗಿ ಟವರ್ ಕಡೆ ನೋಡಬೇಡಿ, ಕಾರ್ಪೆಟ್ ಕಡೆ ನೋಡಿ.

ಬಂಡೆಯ ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ. ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಸಮಯ, 3.8 ದಿನ; ಬಂಡೆಯ ಸಂದಿಯಿಂದ ನಿಮ್ಮ ಕಾಂಕ್ರೀಟ್ ಬಿರುಕಿನ ತನಕ ಬರಲು ಅಷ್ಟು ಸಮಯ ಧಾರಾಳ. ಚಳಿಗಾಲದಲ್ಲಿ ಒಳಗಿನ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಕೆಳಗೆ ಒತ್ತಡ ತಗ್ಗುತ್ತದೆ, ಮನೆಯೇ ನೆಲದೊಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ. ಉಸಿರಾಡಿದ ಅನಿಲದ ಬಹುಪಾಲು ಹಾಗೇ ವಾಪಸ್ ಹೋಗುತ್ತದೆ. ತೊಂದರೆ ಅದು ಕ್ಷಯಿಸಿ ಹುಟ್ಟುವ ಸಂತಾನದ್ದು: ಪೊಲೋನಿಯಂ 218 ಮತ್ತು 214. ಇವು ಘನವಸ್ತು, ಧೂಳಿಗೆ ಅಂಟಿ ಶ್ವಾಸನಾಳದ ಒಳಪದರದಲ್ಲಿ ಕೂತು ಆಲ್ಫಾ ಕಣ ಉಗುಳುತ್ತವೆ. ಆಲ್ಫಾವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ನಮ್ಮ ಚರ್ಮವೂ ತಡೆಯುತ್ತದೆ. ಶ್ವಾಸಕೋಶದೊಳಗೆ ಅಂಥ ಯಾವ ಪರದೆಯೂ ಇಲ್ಲ, ನೇರ ಜೀವಕೋಶಕ್ಕೇ ಏಟು.

ಇಪಿಎ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆ. ಜೀವಮಾನವಿಡೀ 4ರ ಮಟ್ಟದಲ್ಲಿ ಇದ್ದರೆ, ಸಿಗರೇಟು ಮುಟ್ಟದ 1,000 ಜನರಲ್ಲಿ ಸುಮಾರು 7 ಮಂದಿಗೆ ಈ ಕ್ಯಾನ್ಸರ್ ಬರಬಹುದು, ಸೇದುವವರಲ್ಲಿ ಸುಮಾರು 62 ಮಂದಿಗೆ. ಬಿಟ್ಟವರು ಇವೆರಡರ ನಡುವೆ. "ಜೀವಮಾನವಿಡೀ" ಅನ್ನುವುದನ್ನು ಗಮನಿಸಿ. ನಿಮಗೆ ಅಪ್ಪ ಅಮ್ಮನ ಚಿಂತೆ. ಆರು ತಿಂಗಳು ಇದ್ದು ಹೋಗುವ ಹಿರಿಯರಿಗಿಂತ, ದಿನಕ್ಕೆ ಎಂಟು ಗಂಟೆಯ ಹಾಗೆ ವರ್ಷಗಟ್ಟಲೆ ಅಲ್ಲಿ ಕೂರುವ ನಿಮ್ಮದೇ ಲೆಕ್ಕ ದೊಡ್ಡದು.

ಪ್ಯೂರಿಫೈಯರ್ ಫಿಲ್ಟರ್ ಧೂಳು ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಅದನ್ನು ನಂಬಿ ಕೂರಬೇಡಿ. ಮನೆ ಇಷ್ಟವಾಗಿದ್ದರೆ ಈ ಒಂದು ಕಾರಣಕ್ಕೆ ಬಿಡುವುದೂ ಬೇಡ. ಕೆಟ್ಟ ಪಾಯಕ್ಕಿಂತ ಕೆಟ್ಟ ರೇಡಾನ್ ರಿಪೇರಿ ಎಷ್ಟೋ ಸುಲಭ.

ಡೆ ಮೊಯ್ನ್ ಧಾರವಾಡಿ

ಅಕ್ಕಾರು ಹೇಳಿದ್ದು ಖರೇ. ನಾವು ಅಯೋವಾದಾಗ ಅದೀವಿ, ಇಲ್ಲೆ ಇಡೀ ರಾಜ್ಯನ ರೇಡಾನ್ ಜಾಸ್ತಿ ಇರೋ ಕೆಂಪು ಪಟ್ಟಿಯೊಳಗ ಐತಿ. ಇಲ್ಲೆ ಮನಿ ತಗೊಂಡಾವ್ರು ಪೈಪ್ ಹಾಕಿಸೋದು ಕರೆಂಟ್ ಕನೆಕ್ಷನ್ ತಗೊಂಡಷ್ಟ ಸಾದಾ ಮಾತು.

ಕೆಲಸ ಒಂದ ದಿನದ್ದು. ಬೇಸ್‌ಮೆಂಟ್ ಕಾಂಕ್ರೀಟಿಗೆ ತೂತು ಕೊರದು ಕೆಳಗಿನ ಜಲ್ಲಿಯೊಳಗ ಪಿವಿಸಿ ಪೈಪ್ ಇಳಿಸ್ತಾರ. ಇನ್ನೊಂದ ತುದಿ ಛಾವಣಿ ಮ್ಯಾಲೆ, ಕಿಟಕಿಯಿಂದ ದೂರ. ನಡುವ ಒಂದು ಫ್ಯಾನ್, ಹಗಲು ರಾತ್ರಿ ತಿರಗತಿರತೈತಿ. ಬೇಸ್‌ಮೆಂಟಿನಾಗ ನೀರು ಕೂಡೋ ಸಂಪ್ ಗುಂಡಿ ಇದ್ರ ಅದಕ್ಕ ಮುಚ್ಚಳಾ ಹಾಕಿ ಸೀಲ್ ಮಾಡಬೇಕು, ಬಿರುಕಿಗೆ ಕಾಕ್ ಅನ್ನೋ ಅಂಟು ತುಂಬಬೇಕು. ಪೈಪಿಗೆ ಯು ಆಕಾರದ ಸಣ್ಣ ನಳಿಗಿ ಅಂಟಿಸಿರ್ತಾರ, ಒಳಗ ಬಣ್ಣದ ನೀರು. ಎರಡೂ ಕಡೆ ಮಟ್ಟ ಹೆಚ್ಚುಕಡಿಮಿ ಇದ್ರ ಫ್ಯಾನ್ ಎಳ್ಯಾಕತ್ತೈತಿ ಅಂತ, ಸಮ ಆತಂದ್ರ ಫ್ಯಾನ್ ಹೋತು ಅಂತ. ನಮ್ಮ ಮಗಳು ಲಾಂಡ್ರಿಗೆ ಇಳದಾಗೊಮ್ಮೆ ನೋಡಿ ಬಂದು ವರದಿ ಒಪ್ಪಸ್ತಾಳ.

ಕ್ರೆಡಿಟ್ ತಗೊಂಡು ನೀವ ಮಾಡಿಸ್ರಿ ಅಂತೀನಿ. ಮಾರಾವ್ರು ಮಾಡಿಸಿದ್ರ ಯಾರು ಅಗ್ಗ ಅದಾರೋ ಅವರನ್ನ ಕರಸ್ತಾರ, ಪೈಪ್ ನಿಮ್ಮ ಮುಂಬಾಗಲ ಪಕ್ಕದಾಗ ಏರತೈತಿ! ಆದ್ರ ಸಹಿ ಮಾಡೋಕಿಂತ ಮೊದಲ ಕೊಟೇಶನ್ ತರಸ್ರಿ. ಮನಿ ಅಡಿ ಜಲ್ಲಿ ಇಲ್ಲ, ಬರೇ ಅಂಟುಮಣ್ಣು ಐತಿ ಅಂದ್ರ ಎರಡು ತೂತು ಬೇಕಾಗ್ತಾವ, ಖರ್ಚು ಏರತೈತಿ.

ಗಿರಿನಗರ ನಿವಾಸಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಬೆಂಗಳೂರಲ್ಲಿ ಮೂರನೇ ಮಹಡಿ ಫ್ಲ್ಯಾಟ್. ಅಡುಗೆಕಟ್ಟೆ, ನೆಲ ಎಲ್ಲ ಗ್ರಾನೈಟ್. ಎದುರುಗಡೆ ಬಿಲ್ಡಿಂಗ್ ಮೇಲೆ ಮೊಬೈಲ್ ಟವರ್ ಬೇರೆ. ನಾವೂ ಟೆಸ್ಟ್ ಮಾಡಿಸಬೇಕಾ?

ಉಳ್ಳಾಲದಕ್ಕ

ಮೊಬೈಲ್ ಟವರಿನ ಅಲೆಗಳು ಬೇರೆ ಜಾತಿ, ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವ ಶಕ್ತಿ ಅವಕ್ಕಿಲ್ಲ. ಗ್ರಾನೈಟಿನಿಂದ ಸ್ವಲ್ಪ ರೇಡಾನ್ ಬರುವುದು ನಿಜ, ಆದರೆ ಸಾಮಾನ್ಯವಾಗಿ ಮುಖ್ಯ ಮೂಲ ಮನೆ ಕೆಳಗಿನ ನೆಲ. ಮೂರನೇ ಮಹಡಿ, ಎರಡು ಕಡೆ ಕಿಟಕಿ ತೆರೆದಿರುತ್ತದೆ ಅಂದರೆ ನಾನಾಗಿದ್ದರೆ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಎಸಿ ಹಾಕಿ ಮುಚ್ಚಿಟ್ಟ ಆಫೀಸಾದರೆ ಮಾತು ಬೇರೆ.

ನಮ್ಮ ಉಳ್ಳಾಲದ ಕಡಲತೀರದ ಮರಳಲ್ಲೇ ವಿಕಿರಣಶೀಲ ಥೋರಿಯಂ ಇರುವ ಮೊನಜೈಟ್ ಖನಿಜ ಇದೆ. ಕೇರಳದ ಕರುನಾಗಪ್ಪಳ್ಳಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿನವರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಇದನ್ನೇ ಹಿಡಿದು "ರೇಡಾನ್ ಕೂಡ ಸುಳ್ಳು" ಅನ್ನುವವರಿದ್ದಾರೆ. ಅಲ್ಲಿ ನೋಡಿದ್ದು ಹೊರಗಿನಿಂದ ಮೈಗೆ ತಾಗುವ ಗಾಮಾ ಕಿರಣ. ಇದು ಒಳಗೆ ಕೂತು ಸುಡುವ ಆಲ್ಫಾ. ರೇಡಾನಿಗೆ ಸಾಕ್ಷಿ ಯುರೇನಿಯಂ ಗಣಿ ಕಾರ್ಮಿಕರಿಂದಲೂ ಸಿಕ್ಕಿದೆ, ಮನೆಗಳಿಂದಲೂ ಸಿಕ್ಕಿದೆ.

ಹಾಸನದ ಹೈದ

ಅಕ್ಕಾ, ತುಂಬಾ ಥ್ಯಾಂಕ್ಸ್. ಧಾರವಾಡದ ಸರ್, ನಿಮಗೂ. ಇಬ್ಬರು ಕಂಟ್ರ್ಯಾಕ್ಟರ್‌ಗಳಿಗೆ ಫೋನ್ ಮಾಡಿದೆ. ಒಬ್ಬ ಫ್ಯಾನನ್ನು ಬೇಸ್‌ಮೆಂಟಿನ ಒಳಗೇ ಕೂರಿಸ್ತೀನಿ, 300 ಡಾಲರ್ ಕಮ್ಮಿ ಆಗುತ್ತೆ ಅಂದ. ಪಕ್ಕದ ಮನೆಯಲ್ಲಿ ಟೆಸ್ಟ್ ಮಾಡಿಸಿದಾಗ 2 ಅಷ್ಟೇ ಬಂದಿತ್ತಂತೆ, ಹಾಗಾದರೆ ನಮ್ಮ ರಿಪೋರ್ಟೇ ತಪ್ಪಿರಬಹುದಾ?

ಉಳ್ಳಾಲದಕ್ಕ

ಪಕ್ಕದ ಮನೆ ನಂಬರಿನಿಂದ ನಿಮ್ಮ ಮನೆಯದನ್ನು ಹೇಳಲಿಕ್ಕೆ ಆಗುವುದಿಲ್ಲ. ಬಂಡೆಯ ಸೀಳು ಎಲ್ಲಿ ಹಾದಿದೆ, ಪಾಯ ಹೇಗೆ ಹಾಕಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಫ್ಯಾನ್ ಒಳಗೆ ಕೂರಿಸುವವನನ್ನು ಅಲ್ಲಿಗೇ ಬಿಡಿ. ಫ್ಯಾನಿನಿಂದ ಮುಂದಿನ ಪೈಪ್ ಎಲ್ಲಾದರೂ ಸೋರಿದರೆ, ನೆಲದಡಿಯಿಂದ ಎಳೆದ ರೇಡಾನನ್ನು ಅದೇ ರೂಮಿಗೆ ಊದಿದ ಹಾಗಾಗುತ್ತದೆ. ಫ್ಯಾನ್ ಮನೆಯ ಹೊರಗಿರಬೇಕು, ಇಲ್ಲವೇ ಯಾರೂ ವಾಸಿಸದ ಅಟ್ಟದಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಈ ಕೆಲಸಕ್ಕೆ ರಾಜ್ಯ ಸರ್ಕಾರದ ಸರ್ಟಿಫಿಕೇಟ್ ಕಡ್ಡಾಯ, ಅದನ್ನು ಕೇಳಿ. ಕೆಲಸ ಮುಗಿದು 24 ಗಂಟೆ ಕಳೆದ ಮೇಲೆ, ತಿಂಗಳೊಳಗೆ, ಮತ್ತೆ ಟೆಸ್ಟ್ ಆಗಬೇಕು. ಪೈಪ್ ಹಾಕಿದವನ ಕೈಲೇ ಮಾಡಿಸಬೇಡಿ. 2ಕ್ಕಿಂತ ಕೆಳಗೆ ಬರುತ್ತದೆ ಅಂತ ಕರಾರಿನಲ್ಲಿ ಬರೆಸಿಕೊಂಡು ಸಹಿ ಹಾಕಿ.